ಹಳದಿ ಸ್ಪಂಜು

ಭಾನುವಾರ ಬೆಳಿಗ್ಗೆ ಗವಿಯಪ್ಪನವರ ಹಿತ್ತಿಲ ತಂತಿಯ ಮೇಲೆ, ಪಂಚೆ ಟವೆಲುಗಳ ನಡುವೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಹಳದಿ ಸ್ಪಂಜು ಕ್ಲಿಪ್ಪಿಗೆ ಸಿಕ್ಕಿ ಒಣಗುತ್ತಿರುತ್ತಿತ್ತು. ಅದು ಅವರ ರಿಮೋಟ್ ಕಾರಿನ ಏರ್ ಫಿಲ್ಟರಿನೊಳಗಿನದು. ಕಾರು ಮೊಳದುದ್ದದ್ದೇ ಆದರೂ ಅದರಲ್ಲಿ ನಿಜವಾದ ಎಂಜಿನ್ ಇತ್ತು, ಹೊಗೆ ಉಗುಳುತ್ತಿತ್ತು, ಬೀದಿ ನಾಯಿಗಳಿಗೆಲ್ಲ ಅದನ್ನು ಕಂಡರೆ ಆಗುತ್ತಿರಲಿಲ್ಲ.

ನಾನು ಆಗ ಆ ಊರಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಗವಿಯಪ್ಪ ಕಲ್ಲು ಕ್ರಷರಿನಲ್ಲಿ ಮೇಸ್ತ್ರಿಯಾಗಿದ್ದು ಬಿಟ್ಟುಬಂದವರು. ಹಳೆಯ ಭಾಗಗಳನ್ನು ಕೂಡಿಸಿ ಆ ಕಾರನ್ನು ಕಟ್ಟಿದ್ದು ತೀರಿಹೋದ ಅವರ ತಮ್ಮ ಮರಿಸ್ವಾಮಿ. ಅದನ್ನು ತೊಳೆದು ಒರೆಸಿ ಇಡುತ್ತಿದ್ದ ಗವಿಯಪ್ಪ ರಿಮೋಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಓಡಿಸುವ ಕೆಲಸ ನನ್ನದು.

"ಆ ಸದ್ದು ಕೇಳ್ತಿದ್ರೆ ಸಾಕು ಮೇಷ್ಟ್ರೇ, ಅವನು ಇಲ್ಲೇ ಎಲ್ಲೋ ಇದಾನೆ ಅನ್ಸುತ್ತೆ" ಎನ್ನುತ್ತಿದ್ದರು.

ಸ್ಪಂಜು ಒಣಗಿದ ಮೇಲೆ ಎಣ್ಣೆಯ ಶಾಸ್ತ್ರ. ಕೆಂಪು ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು, ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ಬೆರಳುಗಳ ನಡುವೆ ನಾದಿ, ಹೆಚ್ಚಾದದ್ದನ್ನು ಹಿಂಡಿ ತೆಗೆಯುತ್ತಿದ್ದರು. "ಗಾಳಿ ಒಳಗೆ ಹೋಗ್ಬೇಕು, ಧೂಳು ಎಣ್ಣೆಗೆ ಅಂಟ್ಕೊಂಡು ಇಲ್ಲೇ ಉಳೀಬೇಕು. ಅಷ್ಟೇ ವಿದ್ಯೆ." ಅಷ್ಟೇ ವಿದ್ಯೆಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ನನಗೋ ತಾಳ್ಮೆ ಕಡಿಮೆ.

ಆ ವರ್ಷ ಬತ್ತಿದ ಕೆರೆಯಂಗಳದಲ್ಲಿ ಇಂಥ ಕಾರುಗಳ ಪಂದ್ಯ, ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಓಟ. ಎಣ್ಣೆಯ ಸ್ಪಂಜು ಎಂಜಿನ್ನಿನ ಉಸಿರು ಕಟ್ಟುತ್ತದೆ, ಒಣ ಸ್ಪಂಜಾದರೆ ಕಾರು ಹಾರುತ್ತದೆ ಎಂದು ಯಾರೋ ನನ್ನ ಕಿವಿಗೆ ಹಾಕಿದ್ದರು. ಗವಿಯಪ್ಪ ಕಾಫಿಗೆಂದು ಅತ್ತ ಹೋದಾಗ ಎಣ್ಣೆಯದನ್ನು ತೆಗೆದು ಜೇಬಿಗಿಳಿಸಿ ಹೊಸ ಒಣ ಸ್ಪಂಜು ಹಾಕಿಬಿಟ್ಟೆ. ಅವರಿಗೆ ಗೆಲುವಿನ ಖುಷಿ ಕೊಡಬೇಕೆಂದು ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗೆಲ್ಲುವ ಚಪಲ ನನ್ನದೇ.

ಗೆದ್ದೆವು. ಆದರೆ ಕೊನೆಯ ಓಟದಲ್ಲಿ ಸದ್ದು ಒಡೆಯಿತು. ಗೆರೆ ದಾಟಿ ನಿಂತ ಎಂಜಿನ್ ಮತ್ತೆ ಹೊತ್ತಿಕೊಳ್ಳಲಿಲ್ಲ. ಗವಿಯಪ್ಪ ಅದರ ಪುಟ್ಟ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ಪ್ರತಿ ಸುತ್ತಿಗೂ ಒಂದು ಕಡೆ ಬಿಗಿಯಾಗಿ ತಡೆಯುತ್ತಿದ್ದದ್ದು ಈಗ ಸಡಿಲವಾಗಿ ಸುತ್ತಿತು. ಫಿಲ್ಟರ್ ಬಿಚ್ಚಿ, ಅದರ ಹಿಂದಿನ ಕೊಳವೆಯನ್ನು ಪಂಚೆಯ ತುದಿಯಿಂದ ಒರೆಸಿದರು. ಬಿಳಿ ಬಟ್ಟೆಗೆ ಕೆರೆಯ ಮಣ್ಣು ಬಂತು. ಒಣ ಸ್ಪಂಜು ತಡೆಯದ ಧೂಳು ಎಂಜಿನ್ನಿನ ಒಳಗನ್ನು ತೇದುಹಾಕಿತ್ತು.

"ತಪ್ಪಾಯ್ತು" ಎಂದು ಜೇಬಿನಲ್ಲಿದ್ದದ್ದನ್ನು ತೆಗೆದುಕೊಟ್ಟೆ. ಅಂಗಿಗೆಲ್ಲ ಎಣ್ಣೆ ಇಳಿದಿತ್ತು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಕ್ರಷರಲ್ಲಿ ಎಲ್ರೂ ಮೂಗಿಗೆ ಒದ್ದೆ ಬಟ್ಟೆ ಕಟ್ಕೊಳ್ಳೋರು" ಎಂದರು ಗವಿಯಪ್ಪ. "ಉಸಿರು ಸಾಕಾಗಲ್ಲ ಅಂತ ಗಳಿಗೆಗೊಂದ್ಸಲ ಕೂತ್ಕೊಳ್ಳೋರು. ಕೆಲಸ ಓಡಲ್ಲ ಅಂತ ನಾನೇ ಬಿಚ್ಚಿಸ್ದೆ. ಮೊದಲು ಬಿಚ್ಚಿದೋನು ಮರಿಸ್ವಾಮಿ. ಅಣ್ಣ ಹೇಳ್ತಿದಾನಲ್ಲ ಅಂತ."

ಅವರು ಸ್ಪಂಜನ್ನು ಅಂಗೈಯಲ್ಲಿ ಮಡಿಸಿ ಹಿಡಿದರು.

"ಆ ವರ್ಷ ಎಲ್ಲಾರಿಗಿಂತ ಜಾಸ್ತಿ ಜಲ್ಲಿ ತೆಗೆದಿದ್ದು ನಾವೇ. ಹಾರ ಹಾಕಿದ್ರು ನಂಗೆ. ನಾಕು ವರ್ಷಕ್ಕೆ ಅವನು ಕೆಮ್ಮಿ ಕೆಮ್ಮಿ ಹೋದ."

ಅವರ ಮುಖ ನೋಡಲಾರದೆ, ಗೆದ್ದ ಕಪ್ಪನ್ನು ಚೀಲದ ತಳಕ್ಕೆ ತುರುಕಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆ ಎಂಜಿನ್ನಿಗೆ ಭಾಗಗಳು ಎಲ್ಲೂ ಸಿಗಲಿಲ್ಲ. ಮುಂದಿನ ಭಾನುವಾರ ಹೋಗಲೋ ಬೇಡವೋ ಎಂದುಕೊಳ್ಳುತ್ತಲೇ ಅವರ ಮನೆಗೆ ಹೋದೆ. ಹಿತ್ತಿಲ ತಂತಿಯಲ್ಲಿ ಹಳದಿ ಸ್ಪಂಜು ಒಣಗುತ್ತಿತ್ತು. ಗವಿಯಪ್ಪ ಅದನ್ನು ತೆಗೆದು ಎಣ್ಣೆ ಬಾಟಲಿಯ ಜೊತೆ ನನ್ನ ಮುಂದಿಟ್ಟರು.

"ಇನ್ನು ಓಡಲ್ವಲ್ಲ ಗವಿಯಪ್ಪನವರೇ" ಎಂದೆ.

"ಗೊತ್ತು. ಹಚ್ಚಿ."

ಹಚ್ಚಿದೆ, ನಾದಿದೆ, ಹಿಂಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಮೂಲೆಗೆ ಬೆರಳಿಟ್ಟು ನನ್ನ ಕೈಗೇ ವಾಪಸು ಕೊಟ್ಟರು. ಕಡಲೆಕಾಳಿನಷ್ಟು ಜಾಗ ಅಲ್ಲಿ ಇನ್ನೂ ಹಳದಿಯಾಗಿಯೇ ಇತ್ತು.