ಮಧ್ಯಾಹ್ನದ ವೇಗ

2000ನೇ ಇಸವಿ ಫೆಬ್ರವರಿ 21, ಸೋಮವಾರ, ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಪರೀಕ್ಷಾ ಕೋಣೆಯ ಮೇಜಿನ ಮೇಲಿದ್ದ ಪ್ರೊಸೆಸರ್ ಚಿಪ್ ನಿಂತುಹೋಯಿತು. ಬೆಳಿಗ್ಗೆ ಅದೇ ಚಿಪ್ ಸೆಕೆಂಡಿಗೆ ನೂರು ಕೋಟಿ ಮಿಡಿತ, ಅಂದರೆ ಸಾವಿರ ಮೆಗಾಹರ್ಟ್ಸ್ ವೇಗದಲ್ಲಿ ಒಂದು ಲೆಕ್ಕವನ್ನೂ ತಪ್ಪದೆ ಓಡಿತ್ತು.

ಪರೀಕ್ಷೆಯ ಹೊಣೆ ಹೊತ್ತಿದ್ದ ಎಂಜಿನಿಯರ್ ಅದನ್ನು ಮತ್ತೆ ಓಡಿಸಿದಳು. ಮತ್ತೆ ನಿಂತಿತು. ವೇಗವನ್ನು ಸ್ವಲ್ಪ ಇಳಿಸಿದಾಗ ಸಲೀಸಾಗಿ ಓಡತೊಡಗಿತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ: ಬಿಸಿಯಲ್ಲಿ ಚಿಪ್ ಆ ವೇಗವನ್ನು ತಾಳುತ್ತಿರಲಿಲ್ಲ. ಹತ್ತು ಗಂಟೆಯ ಸಭೆಗೆ ಅಂಕಿ ಕೊಡಬೇಕಾಗಿದ್ದರಿಂದ ಅವಳ ತಂಡ ಎಲ್ಲ ಅಳತೆಗಳನ್ನೂ ಬೆಳಿಗ್ಗೆಯೇ ಮಾಡುತ್ತಿತ್ತು. ರಾತ್ರಿಯಿಡೀ ಎ.ಸಿ. ಓಡಿದ ಖಾಲಿ ಕೋಣೆ ಆ ಹೊತ್ತಿಗೆ ಮಂಜುಗಡ್ಡೆಯಂತಿರುತ್ತಿತ್ತು. ಜನ, ಯಂತ್ರಗಳು ತುಂಬಿ ಕೋಣೆ ಬಿಸಿಯಾದ ಮೇಲೆ ಯಾರೂ ಅಳೆದೇ ಇರಲಿಲ್ಲ. ಕೊಳ್ಳುವವರ ಮನೆಯಲ್ಲಿ ಇರುವುದು ಮಧ್ಯಾಹ್ನವೇ ಹೊರತು ಬೆಳಗಿನ ಒಂಬತ್ತು ಗಂಟೆಯಲ್ಲ.

ಅವಳನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ಯಾರೂ ಹೇಳದಿದ್ದರೂ ತಾನು ಈ ಹೊತ್ತಿನಲ್ಲಿ ಯಾಕೆ ಅಳೆಯಲು ಬಂದೆ? ಸಾವಿರವನ್ನು ಮೊದಲು ಮುಟ್ಟಲು ಓಡುತ್ತಿದ್ದ ಎದುರಾಳಿ ಕಂಪನಿಯ ಚಿಪ್ಪಿನ ವಿನ್ಯಾಸಕಾರ ಅವಳ ಅಪ್ಪ. ನಿವೃತ್ತಿಗೆ ಮುಂಚಿನ ಅವರ ಕೊನೆಯ ಚಿಪ್ ಅದು. ಅಪ್ಪ ಗೆಲ್ಲಲಿ ಎಂಬ ಆಸೆಯೇ ತನ್ನನ್ನು ಇಲ್ಲಿಗೆ ಕರೆತಂದಿತೆ? ಅದೇನೇ ಇರಲಿ, ಚಿಪ್ ನಿಂತದ್ದು ಮಾತ್ರ ನಿಜ. ಹೇಳಿದರೆ ಈ ಕಟ್ಟಡದಲ್ಲಿ ಅವಳ ಮಾತನ್ನು ಇನ್ನು ಯಾರು ನಂಬುತ್ತಾರೆ?

ಆದರೂ ಮ್ಯಾನೇಜರ್ ಬಳಿ ಹೋಗಿ ಹೇಳಿದಳು.

"ಸಾವಿರ ಅಂತ ಬ್ಯಾನರ್ ಅಚ್ಚಾಗಿದೆ ಕಣಮ್ಮ," ಎಂದರು ಅವರು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ದು ನಾನಲ್ಲ, ಸರ್."

"ಮನೇಲಿ ನಿಮ್ಮಪ್ಪನಿಗೆ ಖುಷಿಯಾಗುತ್ತೆ, ಬಿಡಿ."

ಅವಳ ಕಿವಿ ಬಿಸಿಯಾಯಿತು. "ಅದಕ್ಕೇ ನನ್ನ ಕೈ ಬೇಡ. ನೀವೇ ಓಡಿಸಿ. ನಾನು ಹೊರಗಿರ್ತೀನಿ."

ಅವರು ಬೇರೆ ಬೇರೆ ಚಿಪ್ ತೆಗೆದುಕೊಂಡು, ತಾವೇ ಗುಂಡಿ ಒತ್ತಿ ನೋಡಿದರು. ಎಲ್ಲವೂ ನಿಂತುಹೋದವು. ಹೊರಗೆ ಬಂದಾಗ ಟೈ ಸಡಿಲವಾಗಿತ್ತು. "ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಎಷ್ಟು ದಿನ ಹೇಳೋದು," ಎಂದರು. "ನಿಮ್ಮಪ್ಪನ ಬಗ್ಗೆ ಆಗ ಹಾಗೆ ಅನ್ನಬಾರದಿತ್ತು," ಎಂದೂ ಸೇರಿಸಿದರು.

ಸಂಜೆ ಎಂದಿನಂತೆ ಅಪ್ಪನ ಕಾರು ಗೇಟಿನ ಹೊರಗೆ ನಿಂತಿತ್ತು. ಮನೆಗಿದ್ದುದು ಒಂದೇ ಕಾರು.

"ಶತ್ರುಗಳೆಲ್ಲ ಕ್ಷೇಮವೇ?" ಎಂದರು ಅಪ್ಪ.

"ಕ್ಷೇಮ. ನೀನು ಮುಂದೆ ನೋಡ್ಕೊಂಡು ಓಡಿಸಪ್ಪ."

ಕೆಲಸದ ಮಾತು ಮನೆಗೆ ಬರಕೂಡದೆಂಬುದು ಅವರಿಬ್ಬರ ಕರಾರು. ಅವಳ ಮುಖ ನೋಡಿ ಅಪ್ಪ ದಾರಿಯುದ್ದಕ್ಕೂ ನಿಧಾನವಾಗಿ ಓಡಿಸಿದರು. ಹಿಂದಿನವರು ಹಾರ್ನ್ ಹೊಡೆದರೂ ಜಗ್ಗಲಿಲ್ಲ.

ಮುಂದಿನ ತಿಂಗಳು ಸಾವಿರವನ್ನು ಮೊದಲು ಘೋಷಿಸಿದ್ದು ಅಪ್ಪನ ಕಂಪನಿ. ಅವಳ ಕಂಪನಿ ಅದಕ್ಕಿಂತ ಕಡಿಮೆಯಾದ 933ರ ಅಂಕಿಯೊಂದಿಗೆ ಹಿಂದೆ ಬಂತು. ಊಟದ ಕೋಣೆಯಲ್ಲಿ ಕೆಲವರು ಅವಳ ಮೇಜಿಗೆ ಬರುವುದನ್ನು ಬಿಟ್ಟರು.

ಮೇ ತಿಂಗಳ ಒಂದು ಭಾನುವಾರ ಅವಳು ಹೊರಗಿನಿಂದ ಬಂದಾಗ ಅಪ್ಪನ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಫ್ಯಾನ್ ನಿಂತಿತ್ತು. ನಿವೃತ್ತರಾದ ಅಪ್ಪ ಬನಿಯನ್ನಿನಲ್ಲಿ ಬೆವರುತ್ತಾ, ಅಂಗಡಿಯಿಂದ ಹೊಸದಾಗಿ ತಂದ ಕಂಪ್ಯೂಟರಿನ ಮುಂದೆ ಕೂತಿದ್ದರು. ಒಳಗಿದ್ದುದು ಅವಳ ಕಂಪನಿಯ ಚಿಪ್.

"ಏನಪ್ಪಾ ಇದು, ಬೇಯ್ತಾ ಕೂತಿದ್ದೀಯ?"

"ನಿನ್ನ ಚಿಕ್ಕಂದಿನಿಂದ ಹೇಳ್ತಿಲ್ವಾ, ಬೆಳಿಗ್ಗೆ ಅಳೆದರೆ ಏನು ಬಂತು? ಹೀಗೆ ಬೇಯಿಸಿದ್ರೆ ತಾನೇ ಚಿಪ್ಪಿನ ಗುಣ ಗೊತ್ತಾಗೋದು," ಎಂದರು ಅಪ್ಪ. "ಮಧ್ಯಾಹ್ನ ಮೂರರಿಂದ ಎಡವಿಸೋಕೆ ನೋಡ್ತಿದ್ದೀನಿ ಪುಟ್ಟಿ. ಎಡವ್ತಾನೇ ಇಲ್ಲ. ಇದಕ್ಕೆ ಸರಿಯಾದ ಅಂಕಿ ಬರೆಸಿದವರು ಯಾರೋ, ಧೈರ್ಯವಂತರು."

ಅವಳು ಇನ್ನೊಂದು ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. ಇಬ್ಬರೂ ಬೆವರುತ್ತಾ ಪರದೆ ನೋಡುತ್ತಿದ್ದರು. ಸಂಜೆ ಐದಕ್ಕೆ ಕೋಣೆಯ ಉಷ್ಣತೆ 36 ಡಿಗ್ರಿ. ಚಿಪ್ಪಿನ ವೇಗ 933 ಮೆಗಾಹರ್ಟ್ಸ್.