ನಲವತ್ತೊಂಬತ್ತರ ಹುಡುಗ

"ಮುತ್ಯಾ, ತುಸು ಒಳಗ ಸರೀರಿ" ಎಂದು ಕಂಡಕ್ಟರ್ ಹೇಳಿದ್ದು ಬೇರೆ ಯಾರಿಗೋ ಎಂದುಕೊಂಡು ಶಂಕರಲಿಂಗ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಬಸ್ಸು ಬಸವಕಲ್ಯಾಣ ಬಿಟ್ಟು ಹುಮನಾಬಾದಿನ ಹಾದಿ ಹಿಡಿದಿತ್ತು. ಪಕ್ಕದಲ್ಲಿ ಅಕ್ಕ ಭಾಗಮ್ಮ, ಅವಳ ತೊಡೆಯ ಮೇಲೆ ಪೇಡೆಯ ಡಬ್ಬಿ. ಇಪ್ಪತ್ತರಲ್ಲಿ ಜನ ಅವನನ್ನು ತಮ್ಮಾ ಎಂದರು, ಮೂವತ್ತರಲ್ಲಿ ಅಣ್ಣಾ, ನಲವತ್ತು ದಾಟಿದ್ದೇ ತಡ ಕಾಕಾ. ಯಾವುದನ್ನೂ ಅವನು ಕೇಳಿ ಪಡೆದದ್ದಲ್ಲ. ಈಗ ಐವತ್ತಕ್ಕೆ ಎಂಟು ತಿಂಗಳು ಉಳಿದಿರುವಾಗಲೇ ಮುತ್ಯಾ, ಅಂದರೆ ಅಜ್ಜ. ಕಾಲೇಜಿನಲ್ಲಿ ಇತಿಹಾಸ ಕಲಿಸುವವನಿಗೆ ಕಾಲದ ಮೇಲೆ ಸಿಟ್ಟು ಬರಬಾರದು. ಬಂತು.

ಅವನು ಇನ್ನೂ ಹುಡುಗನಾಗಿ ಉಳಿದದ್ದು ಕನ್ಯೆ ನೋಡಲು ಹೋದ ಮನೆಗಳಲ್ಲಿ ಮಾತ್ರ.

"ಇದು ಕಡೇದು, ತಮ್ಮಾ" ಎಂದಳು ಭಾಗಮ್ಮ. "ಇನ್ನ ನನ್ನ ಕೈಲೆ ಆಗಂಗಿಲ್ಲ."

ಅವನು ಕಿಟಕಿಯ ಕಡೆ ನೋಡಿದ. ಒಬ್ಬನಿಗಾಗುವಷ್ಟು ಅನ್ನ ಮಾಡಿಕೊಂಡು, ಟೀವಿಯ ಮುಂದೆ ಉಂಡು ಸಾಕಾಗಿಹೋಗಿತ್ತು. ಈ ಮದುವೆ ಅವನಿಗೆ ಬೇಕಿತ್ತು, ನಾಚಿಕೆಯಾಗುವಷ್ಟು ಬೇಕಿತ್ತು.

ಹುಡುಗಿಯ ತಂದೆ ಬಸವಣಪ್ಪನವರು ಬಾಗಿಲಿಗೇ ಬಂದು ಬರಮಾಡಿಕೊಂಡರು. ಹುಡುಗ ಎಲ್ಲಿ ಓದಿದ್ದು, ಹುಡುಗನಿಗೆ ವರ್ಗವಾಗುತ್ತದೆಯೇ ಎಂದೆಲ್ಲ ಭಾಗಮ್ಮನನ್ನೇ ಕೇಳಿದರು. ಹುಡುಗ ತಲೆ ತಗ್ಗಿಸಿ ಚಹಾ ಕುಡಿದ. ಒಳಗೊಳಗೇ ಹಿತವಾಗುತ್ತಿತ್ತು.

ಹುಡುಗಿ ದೀಪಾಲಿ ಬಂದಳು. ಅವಳಿಗೆ ಮೂವತ್ತೊಂಬತ್ತು. ಇಂಥ ಹೊತ್ತಿನಲ್ಲಿ ಹಿರಿಯರ ಕಾಲು ಮುಟ್ಟುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಭಾಗಮ್ಮನ ಕಾಲು ಮುಟ್ಟಿದವಳು ತಲೆ ಎತ್ತದೆಯೇ ಪಕ್ಕದಲ್ಲಿದ್ದ ಅವನ ಕಾಲಿಗೂ ಬಾಗಿದಳು.

ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು. ಆದರೆ ಇಪ್ಪತ್ತನಾಲ್ಕು ವರ್ಷಗಳಿಂದ, ಪ್ರತಿ ಪರೀಕ್ಷೆಗೂ ಮುಂಚೆ ಕಾಲೇಜಿನ ಹುಡುಗಿಯರು ಸಾಲಾಗಿ ಬಂದು ಅವನ ಕಾಲು ಮುಟ್ಟುತ್ತಾರೆ. ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು.

"ಛಲೋ ಆಗ್ಲಿ, ಮಗಳ" ಎಂದ.

ಬಸವಣಪ್ಪನವರು ಚಹಾದ ಕಪ್ಪನ್ನು ಕೆಳಗಿಟ್ಟರು. ಭಾಗಮ್ಮ ಕಣ್ಣು ಮುಚ್ಚಿಕೊಂಡಳು. ಅವನು ಒಂದು ನಗೆ ನಕ್ಕು ಮಾತು ತೇಲಿಸಿಬಿಡಬಹುದಿತ್ತು; ನಗೆ ಬರಲಿಲ್ಲ.

ದೀಪಾಲಿ ಮೇಲೇಳಲಿಲ್ಲ. ಅವಳ ಬೈತಲೆಯಲ್ಲಿ, ಬಣ್ಣ ಹಚ್ಚಿದ ಕಪ್ಪು ಕೂದಲಿನ ಬುಡಕ್ಕೆ, ಅಕ್ಕಿಕಾಳಿನಷ್ಟು ಅಗಲದ ಬಿಳುಪು ಉದ್ದಕ್ಕೂ ಎದ್ದಿತ್ತು. ಅದರ ಅರ್ಧ ಅವನ ಅಂಗೈ ಕೆಳಗಿತ್ತು. ಕೈ ತೆಗೆದರೆ ಅವಳು ಎದ್ದು ಅವನ ಮುಖ ನೋಡಬೇಕಾಗುತ್ತದೆ.

ಅವನು ಕೈ ತೆಗೆಯಲಿಲ್ಲ. ಅವಳೂ ಬಾಗಿಯೇ ಇದ್ದಳು.