ಕಂಬಕ್ಕೆ ತೋರಿಸಿದ ಜಾಗ

ಏನಿದು ಇಷ್ಟು ನುಣ್ಣಗೆ ಇಳಿಯುತ್ತದೆ, ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ, ಬಾವಿಯಗಲದ ಕಬ್ಬಿಣದ ತಿರುಪು ಎರೆಮಣ್ಣಿನೊಳಗೆ ಗರಗರ ಇಳಿಯುತ್ತದೆ, ಮಣ್ಣು ಹೊತ್ತು ಮೇಲೆ ಬರುತ್ತದೆ, ಕೊಡವಿಕೊಂಡು ಮತ್ತೆ ಇಳಿಯುತ್ತದೆ — ಬದುವಿನ ಮೇಲೆ ಕುಳಿತ ಕಲ್ಯಾಣಮ್ಮ ತೆರೆದ ಬಾಯಿ ಮುಚ್ಚುವುದನ್ನೇ ಮರೆತಿದ್ದಾಳೆ, ಇದೇ ಹೊಲದಲ್ಲಿ ಎರಡು ಜೋಡಿ ಎತ್ತು ಕಟ್ಟಿದರೂ ಮೊಳದಾಳ ಹೋಗಲು ಗಂಡಸರಿಗೆ ಬೆವರು ಕಿತ್ತು ಬರುತ್ತಿತ್ತು, ಇದು ಹತ್ತಾಳಿನಷ್ಟು ಆಳ ಹೋಗುತ್ತದಂತೆ, ಹೋಗಿ ಬಂಡೆ ಸಿಕ್ಕ ಮೇಲೇ ನಿಲ್ಲುತ್ತದಂತೆ, ಶಹಾಪುರದ ಗುಡ್ಡದ ಕಡೆ ತಿರುಗಿದರೆ ಕಂಬಗಳು, ಕಣ್ಣು ಸೋಲುವ ತನಕ ಕಂಬಗಳು, ಅವುಗಳ ತಲೆಯ ಮೇಲೆ ನೆಲ ಮುಟ್ಟದೆ ರೈಲು ಓಡುತ್ತದಂತೆ, ತಾಸಿಗೆ ಮುನ್ನೂರು ಕಿಲೋಮೀಟರು, ಹೇಳಿದ್ದು ಎಂಜಿನಿಯರ್ ಹುಡುಗಿ ಶಿವಾನಿ, ಕಕ್ಕೇರಾದ ಮಾಸ್ತರರ ಮಗಳು, ಹಳದಿ ಟೊಪ್ಪಿಗೆ ಹಾಕಿಕೊಂಡು ಇಷ್ಟು ಗಂಡಸರನ್ನು ಕಣ್ಸನ್ನೆಯಲ್ಲೇ ಕುಣಿಸುತ್ತಾಳೆ, ಬೆಳಿಗ್ಗೆ ಯಂತ್ರಕ್ಕೆ ಕಾಯಿ ಒಡೆಯಲು ಕಲ್ಯಾಣಮ್ಮನನ್ನೇ ಕರೆದಳು, ಗಂಡ ಸತ್ತಾಕಿ ನಾನ್ಯಾಕವ್ವಾ ಎಂದರೆ ಹೊಲದ ಒಡತಿ ನೀವಾ ಅಲ್ಲೇನ್ರಿ ಎಂದು ಕೈಗೆ ಕಾಯಿ ಕೊಟ್ಟೇಬಿಟ್ಟಳು — ಸುರಪುರದವರು ರೈಲು ನೋಡಬೇಕೆಂದರೆ ಯಾದಗಿರಿಗೇ ಹೋಗಬೇಕು, ಹುಟ್ಟಿದಾಗಿನಿಂದ ಅದೇ ಪಾಡು, ಈಗ ಬಂದರೆ ಇಂಥದೇ ಬಂತಲ್ಲ, ಹದಿನೆಂಟು ವರ್ಷದ ಹಿಂದೆ ಯಜಮಾನರಿಗೆ ಎದೆ ಹಿಡಿದಾಗ ಕೆಂಭಾವಿಯಿಂದ ಹೊರಟ ಜೀಪು ಶಹಾಪುರ ಮುಟ್ಟಲಿಲ್ಲ, ಅಷ್ಟರಲ್ಲೇ ತೊಡೆಯ ಮೇಲಿನ ತಲೆ ಭಾರವಾಗಿತ್ತು, ಅಷ್ಟು ದೂರಕ್ಕೆ ಇದಕ್ಕ ಎಷ್ಟೊತ್ತು ಬೇಕವ್ವಾ ಎಂದು ಕೇಳಿಯೂಬಿಟ್ಟಳು, ಎಂಟ್ ನಿಮಿಷ್ರಿ ಅಮ್ಮಾ, ಎಂಟು ನಿಮಿಷ, ನಾಲ್ಕು ರೊಟ್ಟಿ ಬಡಿಯುವಷ್ಟು ಹೊತ್ತು.

ಅವರು ಎಲ್ಲೂ ಹೋಗಿಲ್ಲ, ಇದೇ ಹೊಲದಲ್ಲಿದ್ದಾರೆ, ಅಗೋ ಆ ಬೇವಿನ ಮರದ ಕೆಳಗೆ ಕಲ್ಲು ನೆಟ್ಟ ಗದ್ದಿಗೆಯಲ್ಲಿ, ಲಿಂಗವಂತರ ದೇಹ ಮಣ್ಣಿನಲ್ಲಿ ಮಲಗುವುದಿಲ್ಲ, ಅಂಗೈಯಲ್ಲಿ ಲಿಂಗ ಹಿಡಿದು ಕುಳಿತೇ ಮಣ್ಣಾಗುತ್ತದೆ, ಹಾಗಾಗಿ ಅವಳು ನೆನೆದಾಗಲೆಲ್ಲ ಅವರು ಕುಳಿತೇ ಇರುತ್ತಾರೆ, ಚಾ ಬಂತೇನು ಎಂದು ಕಾಯುವವರ ಹಾಗೆ, ಅಂದು ಅಯ್ಯನವರು ಮಂತ್ರ ಹೇಳುತ್ತ ಸುತ್ತ ಪತ್ರಿ ತುಂಬಿಸಿದರು, ಉಪ್ಪು ಸುರಿಸಿದರು, ವಿಭೂತಿಯ ಉಂಡೆಗಳನ್ನು ಒಂದೊಂದಾಗಿ ಇಡಿಸಿದರು, ಕೊನೆಯದನ್ನು ಇವಳ ಕೈಯಿಂದ — ಸುಣ್ಣದ ಗುರುತು ಹಾಕುವವರು ಮೊದಲ ಸಲ ಬಂದಾಗ ಕಂಬದ ಗುರುತು ಬೇವಿನ ಮರದ ಬುಡಕ್ಕೇ ಬಿದ್ದಿತ್ತು, ಕಲ್ಯಾಣಮ್ಮ ಹೋಗಿ ಸುಣ್ಣದ ಗೆರೆಯ ಮೇಲೆ ಕುಳಿತುಬಿಟ್ಟಳು, ಸರ್ಕಾರದ ರೈಲಾದರೇನು, ದೊರೆಯ ಪಲ್ಲಕ್ಕಿಯಾದರೇನು, ಅವರ ನೆತ್ತಿಯ ಮೇಲೆ ಮಾತ್ರ ಬೇಡ, ಮೂರು ದಿನ ಕುಳಿತಳು, ಮೈದುನ ಮಲ್ಲಣ್ಣ ಬಿಡು ವೈನಿ, ಅವರ ಕೆಲ್ಸ ಅವರು ಮಾಡ್ಲಿ ಎಂದು ಗೋಗರೆದ, ಒಡಹುಟ್ಟಿದವನಿಗೆ ಇಷ್ಟೂ ಕರುಳಿಲ್ಲವೇ ಎಂದು ಅವನ ಮೇಲೂ ಹರಿಹಾಯ್ದಳು, ಕೊನೆಗೆ ಶಿವಾನಿ ಮೇಲಿನವರಿಗೆ ಬರೆದು ನಕ್ಷೆ ತಿದ್ದಿಸಿದಳು, ಎಂಟ್ ಮಾರು ಸರಿಸಬಹುದ್ರಿ, ಎಲ್ಲಿ ಬೇಕೋ ನೀವಾ ತೋರಿಸ್ರಿ, ಇವಳು ಬೆರಳು ಮಾಡಿ ಇಲ್ಲಿ ಎಂದಳು, ಇಲ್ಲಿಗೇ ಬಂತು, ಅಷ್ಟು ದೊಡ್ಡ ರೈಲು ಒಬ್ಬ ಮುದುಕಿಯ ಬೆರಳಿನ ಮಾತು ಕೇಳಿತಲ್ಲ ಎಂದು ಆ ರಾತ್ರಿ ತನ್ನ ಬೆರಳನ್ನು ತಾನೇ ತಿರುತಿರುಗಿಸಿ ನೋಡಿಕೊಂಡಿದ್ದಳು.

ತಿರುಪು ಮತ್ತೆ ಮೇಲೆ ಬಂತು, ಕೊಡವಿತು, ಕಪ್ಪು ಹೆಂಟೆಗಳ ನಡುವೆ ಬೆಳ್ಳಗೆ ಏನೋ ಉರುಳಿತು, ಸುಣ್ಣದ ಕಲ್ಲಿರಬೇಕು, ಎರೆಹೊಲದಲ್ಲಿ ಅದೇನು ಅಪರೂಪವೇ, ಆದರೆ ಸುಣ್ಣದ ಕಲ್ಲು ಸೊಟ್ಟಗಿರುತ್ತದೆ, ಇದು ದುಂಡಗಿದೆ, ಯಾರೋ ಅಂಗೈಯಲ್ಲಿಟ್ಟು ಉರುಟು ಮಾಡಿದ ದುಂಡು — ಬದುವಿನಿಂದ ಹೇಗೆ ಇಳಿದಳೋ, ಎತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿದಳು, ಹಿಟ್ಟಿನಂತೆ ನುಣ್ಣಗೆ, ದಿನಾ ಹಣೆಗೆ ಹಚ್ಚುವ ಅದೇ ನುಣುಪು, ಉಪ್ಪು ಕರಗಿದೆ, ಪತ್ರಿ ಕೊಳೆತಿದೆ, ಇದು ಮಾತ್ರ ಹದಿನೆಂಟು ವರ್ಷ ಕರಗದೆ ಕಾದಿದೆ, ತಲೆಯೆತ್ತಿ ಬದುವಿನ ಮೇಲೆ ನಿಂತಿದ್ದ ಮಲ್ಲಣ್ಣನನ್ನು ನೋಡಿದಳು, ಅವನು ನೆಲ ನೋಡುತ್ತಿದ್ದ, ಹನ್ನೊಂದ್ ವರ್ಷದ ಹಿಂದ, ಕಾಲುವಿ ನೀರು ಬಂದಾಗ, ವೈನಿ, ಭತ್ತಕ್ಕಂತ ಹೊಲ ಸಮ ಮಾಡಿಸಿದ್ನೆಲ್ಲ, ಆವಾಗ ಗದ್ದಿಗಿ ಕಲ್ಲು ಎತ್ತಿಟ್ಟಿದ್ದೆ, ನೀ ತೌರಮನಿಗೆ ಹೋಗಿದ್ದಿ, ಆಮ್ಯಾಲ ಅಂದಾಜಿನ ಮ್ಯಾಲ ಬೇವಿನ ಗಿಡದ ತಳಗ ನೆಟ್ಟೆ — ಅಂದಾಜಿನ ಮೇಲೆ, ಹಾಗಾದರೆ ಹನ್ನೊಂದು ವರ್ಷ ಸೋಮವಾರ ಸೋಮವಾರ ನೀರೆರೆದದ್ದು ಬರೀ ಮಣ್ಣಿಗೆ, ಮೂರು ದಿನ ಕುಳಿತು ಕಾಯ್ದದ್ದು ಬರೀ ಮಣ್ಣನ್ನು, ಸುಮ್ಮನಿದ್ದಿದ್ದರೆ ಕಂಬ ಅವರಿಗೆ ಎಂಟು ಮಾರು ದೂರ ಉಳಿಯುತ್ತಿತ್ತು, ತಾನೇ ಬೆರಳು ಮಾಡಿ ಕರೆದು ಅವರ ನೆತ್ತಿಗೆ ತಂದು ನಿಲ್ಲಿಸಿದಳು, ಕಾಯಿ ಬೇರೆ ಒಡೆದಳು, ಯಂತ್ರದವನು ಕೈ ಸನ್ನೆಗೆ ಕಾಯುತ್ತಿದ್ದಾನೆ, ತಿರುಪು ಇನ್ನೊಂದು ಸಲ ಇಳಿದರೆ ಮುಗಿಯಿತು, ಏನಾತ್ರಿ ಅಮ್ಮಾ, ಸುಣ್ಣದ ಕಲ್ಲೇನು, ಶಿವಾನಿ ಕೇಳುತ್ತಿದ್ದಾಳೆ, ಹೂಂ ಎಂದರೆ ಯಾರಿಗೂ ತಿಳಿಯುವುದಿಲ್ಲ, ಊರು ನಗುವುದಿಲ್ಲ, ಕಂಬ ಮತ್ತೆ ಸರಿಸಿರೆಂದು ಯಾವ ಮುಖ ಹೊತ್ತು ಕೇಳುವುದು, ಬಾಯಿಂದ ತಾನಾಗಿಯೇ ಬಂತು ಮಾತು, ನಿಲ್ಲಸವ್ವಾ, ತಪ್ಪು ನಂದ, ಅವರು ಇಲ್ಲೇ ಕುಂತಾರ.

ಗರಗರ ನಿಂತಿತು, ಇಷ್ಟು ದೊಡ್ಡದು ಇಷ್ಟು ಸಣ್ಣ ಮಾತಿಗೆ ನಿಂತಿತು, ಶಿವಾನಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಳು, ಕಲ್ಯಾಣಮ್ಮ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದಳು, ಕಪ್ಪು, ಎಲ್ಲ ಕಪ್ಪು, ಕಣ್ಣು ಹೊಂದಿಕೊಂಡಂತೆ ತಳದಲ್ಲಿ ಬೆಳ್ಳಗೆ ಒಂದು, ಅದರ ಪಕ್ಕ ಇನ್ನೊಂದು, ಬೆಳ್ಳಗೆ, ದುಂಡಗೆ, ಅದರಾಚೆ ಮತ್ತೊಂದು, ಸುತ್ತಲೂ, ಇಟ್ಟ ಹಾಗೇ, ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ —